ಅತ್ತೆಗೆ ಕಳಿಸಿದ ಲಿಂಕ್

ಮಾರ್ಚ್ 3, ಭಾನುವಾರ

ನಮ್ಮ ಓದುಗುಂಪಿನ ವಿಡಿಯೋ ಮೀಟಿಂಗಿಗೆ ಲಿಂಕ್ ಕಳಿಸಿದ್ದಾಯಿತು. ಇವತ್ತು ಎರಡನೇ ಅಧ್ಯಾಯ — ಅಧಿಕಾರ ಮತ್ತು ಸಮ್ಮತಿ. ಪೂರ್ತಿ ಓದಿದ್ದವರು ಮೇಷ್ಟ್ರು ಒಬ್ಬರೇ. ಓದಿದ್ದಾರೆಂಬುದನ್ನು ನಮಗೆ ಮರೆಯಲು ಬಿಡಲಿಲ್ಲ. ನಿವೃತ್ತರಾದ ಮೇಲೆ ಅವರಿಗೆ ಉಳಿದಿರುವ ಕ್ಲಾಸು ನಮ್ಮದೊಂದೇ. ನರ್ಸಮ್ಮ ಡ್ಯೂಟಿ ಮುಗಿಸಿ ಬಸ್ಸಿನಿಂದಲೇ ಸೇರಿಕೊಂಡಳು. 'ಮೌನಿ' ಎಂದಿನಂತೆ — ಕ್ಯಾಮೆರಾ ಇಲ್ಲ, ಮೈಕ್ ಇಲ್ಲ, ಆದರೆ ಒಂದು ವಾರವೂ ತಪ್ಪಿಸಿಲ್ಲ.

ಎಲ್ಲರಿಗಿಂತ ಮೊದಲು ಬಂದವರು ಅತ್ತೆ. ಬರೀ ಹಣೆ ಕಾಣುತ್ತಿತ್ತು.

"ಫೋನ್ ಸ್ವಲ್ಪ ಕೆಳಗಿಡಿ, ಅತ್ತೆ."

"ಓದೋಕೆ ಬೇಕಾಗಿರೋದು ತಲೆ ತಾನೇ? ಕಾಣ್ತಿದೆಯಲ್ಲ."

ಗುಂಪು ಶುರುಮಾಡಿದಾಗ ನಾನು ಒಳಕೋಣೆಯಲ್ಲಿ, ಅವರು ಹಜಾರದಲ್ಲಿ. ಒಂದೇ ಮನೆ. ನಾನು ಆಡಿದ ಮಾತು ಅವರ ಫೋನಿನಿಂದ ಮತ್ತೊಮ್ಮೆ ಕೇಳಿಸಿ ಎಲ್ಲರೂ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಈಗ ಆ ಮನೆ ಬಿಟ್ಟು, ಅವರ ಮಗನನ್ನೂ ಬಿಟ್ಟು, ಊರಿನ ಇನ್ನೊಂದು ತುದಿಯ ಬಾಡಿಗೆ ಕೋಣೆಯಲ್ಲಿದ್ದೇನೆ. ಗುಂಪಿಗೆ ಹೇಳಿಲ್ಲ. ಅತ್ತೆಯೂ ಹೇಳಿಲ್ಲ. ಈಗ ಪ್ರತಿಧ್ವನಿ ಇಲ್ಲ... ಯಾರೂ ಗಮನಿಸಿದ ಹಾಗಿಲ್ಲ.

ಮಾರ್ಚ್ 6, ಬುಧವಾರ

ದಿನವಿಡೀ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ದವಡೆಗಳು. ಮೇಣ, ಅಚ್ಚು, ಯಾರದೋ ಗುಲಾಬಿ ವಸಡು. ಮಧ್ಯಾಹ್ನ ಅವನ ಫೋನ್. ವಕೀಲರ ವಿಷಯ ಹೇಳಿ ಇಡುತ್ತಾನೆ ಅಂದುಕೊಂಡೆ. ಇಡಲಿಲ್ಲ.

"ಅಮ್ಮನ್ನ ಆ ಗ್ರೂಪಿಂದ ಬಿಟ್ಬಿಡು."

"ನಾನೇನು ಹಿಡ್ಕೊಂಡಿಲ್ಲ. ಅವರಾಗೇ ಬರ್ತಾರೆ."

"ಭಾನುವಾರ ಸಂಜೆ ಹಜಾರದಿಂದ ನಿನ್ನ ದನಿ ಕೇಳುತ್ತೆ. ನಗ್ತಿರ್ತೀಯ. ನಾನು ಎಲ್ಲಿಗ್ ಹೋಗ್ಲಿ, ಹೇಳು?"

ಕೆಟ್ಟವನಲ್ಲ. ಒಂದು ದೊಡ್ಡ ಜಗಳವೂ ಆಗದೆ ಮುಗಿದ ಸಂಸಾರ ನಮ್ಮದು. ಮಾತು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಹೊರಟಿದ್ದು ನಾನು. ಫೋನ್ ಇಡುವಷ್ಟರಲ್ಲಿ ಮೇಣ ಆರಿಹೋಯಿತು, ಮತ್ತೆ ಕರಗಿಸಬೇಕಾಯಿತು.

ಮಾರ್ಚ್ 10, ಭಾನುವಾರ

ಲಿಂಕ್ ಕಳಿಸಿದೆ. ಅತ್ತೆಗೂ.

ಮೂರನೇ ಅಧ್ಯಾಯ, ಕುಟುಂಬ. ಕುಟುಂಬವೆಂದರೆ ಅಧಿಕಾರದ ಮೊದಲ ಪಾಠಶಾಲೆ ಎಂಬ ವಾಕ್ಯದ ಮೇಲೆ ಮೇಷ್ಟ್ರು ಅರ್ಧ ಗಂಟೆ. ಕೊನೆಗೆ ಅತ್ತೆ, "ಇದನ್ನ ಬರೆದೋರಿಗೆ ಮನೇಲಿ ಅತ್ತೆ ಇರ್ಲಿಲ್ಲ ಅನ್ಸುತ್ತೆ. ಇದ್ದಿದ್ರೆ ಈ ಪುಟ ಬರೆಯೋಕೆ ಬಿಡ್ತಿರ್ಲಿಲ್ಲ." ನರ್ಸಮ್ಮ ಬಸ್ಸಿನಲ್ಲೇ ಗಹಗಹಿಸಿದಳು. ನಾನೂ. ಅತ್ತೆಯ ಹಿಂದೆ ಬಾಗಿಲು ತೆರೆದು ಮುಚ್ಚಿತು. ನಾನು ಮೈಕ್ ಆಫ್ ಮಾಡಿದೆ.

"ಅಲ್ಲಾ, ಒಂದೇ ಮನೇಲಿದ್ದು ಯಾಕೆ ಬೇರೆ ಬೇರೆ ಫೋನು? ಒಟ್ಟಿಗೆ ಕೂತ್ಕೊಳ್ಳಿ ಅತ್ತೆ-ಸೊಸೆ," ಅಂದಳು ನರ್ಸಮ್ಮ.

ನಾನು ಪುಟ ತಿರುವಿದೆ. ತಿರುವುವಂಥದ್ದೇನೂ ಇರಲಿಲ್ಲ.

"ಇವಳ ಪಕ್ಕ ಕೂತ್ರೆ ನಂಗೆ ಬಾಯ್ ತೆರೆಯೋಕೆ ಬಿಡಲ್ಲ," ಅಂದರು ಅತ್ತೆ.

ಎಷ್ಟು ಸಲೀಸಾಗಿ ಸುಳ್ಳು ಹೇಳಿದರು! ಆಮೇಲೆ ಅರ್ಧ ಗಂಟೆ ಅವರ ಹಣೆಯೂ ಕಾಣಲಿಲ್ಲ. ಬರೀ ಫ್ಯಾನು.

ಏಪ್ರಿಲ್ 7, ಭಾನುವಾರ

ಅವನಿಗೆ ಕೇಳಿಸದಿರಲಿ ಎಂದು ಅತ್ತೆಗೆ ಹೆಡ್‌ಫೋನ್ ಕಳಿಸಿದ್ದೆ. ಇವತ್ತು ಹಾಕಿಕೊಂಡು ಬಂದರು. ಹಾಕಿಕೊಂಡಾಗಿನಿಂದ ಕಿರುಚುತ್ತಾರೆ, ಕಿವುಡರಿಗೆ ಹೇಳುವ ಹಾಗೆ. ಮೀಟಿಂಗ್ ಮುಗಿದ ಮೇಲೆ ಅವನ ಮೆಸೇಜ್: 'ಈಗ ಅಮ್ಮನ ಮಾತು ಮಾತ್ರ ಕೇಳುತ್ತೆ. ಮಧ್ಯೆ ನೀನು ಏನು ಹೇಳಿರಬಹುದು ಅಂತ ಯೋಚಿಸುತ್ತಾ ಕೂತಿರುತ್ತೇನೆ.'

ಉತ್ತರ ಬರೆದೆ. ಅಳಿಸಿದೆ.

ಏಪ್ರಿಲ್ 26, ಶುಕ್ರವಾರ

ಕೋರ್ಟಿನಲ್ಲಿ ವಿಚ್ಛೇದನಕ್ಕೆ ಸಹಿ ಹಾಕಿದ್ದಾಯಿತು. ಅತ್ತೆಯೂ ಬಂದಿದ್ದರು. ಕಾರಿಡಾರಿನಲ್ಲಿ ಎದುರು-ಬದುರು ಬೆಂಚು. ಅವರು ಮಗನ ಪಕ್ಕ ಕೂತರು, ಇನ್ನೆಲ್ಲಿ ಕೂರುತ್ತಾರೆ. ನಾನು ಹೊರಟಾಗ ಅರ್ಧ ಎದ್ದರು, ಮತ್ತೆ ಕೂತರು. "ಊಟ ಮಾಡಿದ್ಯೇನೇ?" ಅಂತ ಕೇಳಿದ್ದು ಇಡೀ ಕಾರಿಡಾರಿಗೆ ಕೇಳಿಸಿತು.

ಹ್ಞೂಂ ಅಂದೆ. ಮಾಡಿರಲಿಲ್ಲ.

ಏಪ್ರಿಲ್ 28, ಭಾನುವಾರ

ಎಲ್ಲರೂ ಬಂದಿದ್ದರು. ಮೇಷ್ಟ್ರು ಎಂದಿನಂತೆ, "ಇದಕ್ಕೆ ನಮ್ಮ ಅತ್ತೆಯವರು ಏನಂತಾರೆ?"

ಅತ್ತೆ ಹೆಡ್‌ಫೋನ್ ತೆಗೆದಿಟ್ಟರು. ಫೋನನ್ನು ಸರಿಯಾಗಿ ನಿಲ್ಲಿಸಿದರು. ಮೊದಲ ಸಲ ಪೂರ್ತಿ ಮುಖ ಕಂಡಿತು.

"ನಾನೀಗ ಇವಳ ಅತ್ತೆ ಅಲ್ಲ, ಮೇಷ್ಟ್ರೇ. ಶುಕ್ರವಾರ ಕೋರ್ಟಲ್ಲಿ ಮುಗೀತು. ನೀವು ಬೇರೆ ಏನಾದ್ರೂ ಕರೀರಿ."

ಮೇಷ್ಟ್ರು ಏನೋ ಹೇಳಲು ಹೋಗಿ ಬಿಟ್ಟರು. ಮಾತು ಶುರುಮಾಡಿ ಅವರು ಮುಗಿಸದೇ ಇದ್ದದ್ದು ನಾನು ನೋಡಿದ್ದು ಇದೇ ಮೊದಲು. ಇವತ್ತಿಗೆ ಸಾಕು ಅಂದೆ. ಯಾರೂ ಹೊರಗೆ ಹೋಗಲಿಲ್ಲ. ಮೌನಿ ಮೈಕ್ ಆನ್ ಮಾಡಿದ. ಯಾವುದೋ ಕೋಣೆಯಲ್ಲಿ ಮಗು ಆಡುತ್ತಿದ್ದ ಸದ್ದು. ಆಮೇಲೆ, "ಕ್ಷಮಿಸಿ... ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ," ಅಂದ. ಒಳ್ಳೆಯ ದನಿ. ಲ್ಯಾಪ್‌ಟಾಪ್ ಮುಚ್ಚಿದ್ದು ನಾನೇ.

ಮೇ 4, ಶನಿವಾರ

ಅತ್ತೆಯ ಫೋನ್. ಇನ್ನು ಬರುವುದಿಲ್ಲವಂತೆ.

"ಭಾನುವಾರ ಬಂತು ಅಂದ್ರೆ ತಟ್ಟೆ ಮುಂದಿಂದ ಎದ್ದು ಹೊರಗ್ ಹೋಗ್ತಾನೆ ಕಣೇ. ಎಲ್ಲಿಗ್ ಹೋಗಿದ್ದೆ ಅಂದ್ರೆ, ಸುಮ್ನೆ ಬಸ್ಸಲ್ಲಿ ಕೂತಿದ್ದೆ ಅಂತಾನೆ."

"ಅವನು ಹೇಳಿದ್ನಾ, ಬಿಡಿ ಅಂತ?"

"ಹೇಳಿದ್ರೆ ಜಗಳ ಆಡ್ಬೋದಿತ್ತು. ಹೇಳಲ್ಲವಲ್ಲ. ಅವನಿಗೆ ಬೇರೆ ಯಾರಿದ್ದಾರೆ?"

"ನನಗೆ?"

ಕೇಳಬಾರದಿತ್ತು.

"ನಿನಗೆ ಅಷ್ಟು ಜನ ಬರ್ತಾರಲ್ಲೇ..."

"ಅವರು ಪುಸ್ತಕಕ್ಕೆ ಬರ್ತಾರೆ, ಅತ್ತೆ."

ಅತ್ತರು. ನಾನೂ ಅತ್ತೆ. ಸಿದ್ಧಾಂತ ಓದುವವರು ಅಳುವ ಹಾಗೆ ಏನಲ್ಲ, ಮೂಗು ಸೊರಸೊರ ಎನ್ನುವ ಹಾಗೆ. ಕೊನೆಗೆ, "ಲಿಂಕ್ ಕಳಿಸ್ಬೇಡ. ಕಳಿಸಿದ್ರೆ ಒತ್ತಿಬಿಡ್ತೀನಿ," ಅಂದರು.

ಮೇ 5, ಭಾನುವಾರ

ಕಳಿಸಲಿಲ್ಲ.

ಕೆಲಸ ಅಷ್ಟೇ — ಗುಂಪಿನ ಪಟ್ಟಿಯಲ್ಲಿ ಅತ್ತೆಯ ಹೆಸರಿನ ಮೇಲೆ ಬೆರಳಿಟ್ಟು, ತೆಗೆಯಲೇ ಎಂದು ಫೋನ್ ಕೇಳಿದರೆ ಹೌದು ಎನ್ನುವುದು. ಸಂಜೆಯವರೆಗೆ ಹಿಡಿಯಿತು.

ಮೇಷ್ಟ್ರು ಇವತ್ತು ಚುಟುಕಾಗಿ ಮಾತಾಡಿದರು. ಒಂದೆಡೆ ಬಾಯ್ತಪ್ಪಿ, "ಇದಕ್ಕೆ ನಮ್ಮ —" ಅಂದು ನೀರು ಕುಡಿದರು.

ಜೂನ್ 16, ಭಾನುವಾರ

ಪುಸ್ತಕ ಮುಗಿಯಿತು. ಮುಂದೇನು ಎಂದು ಕೇಳಿದರು. ನೀವೇ ಆರಿಸಿ ಅಂದೆ. ನರ್ಸಮ್ಮ ತಿಂಗಳ ಮಟ್ಟಿಗೆ ಲಿಂಕ್ ತಾನೇ ಕಳಿಸುತ್ತಾಳಂತೆ. "ಸ್ವಲ್ಪ ಸುಧಾರಿಸ್ಕೊಳ್ಳಿ," ಅಂದಳು. ಪುಸ್ತಕಕ್ಕೆ ಮಾತ್ರ ಬರುತ್ತಾರೆ ಎಂದು ನಾನು ಹೇಳಿದ್ದು ತಪ್ಪು. ಆದರೂ...

ಜುಲೈ 9, ಮಂಗಳವಾರ

ತಯಾರಾದ ಸೆಟ್ಟುಗಳನ್ನು ಕೊಡಲು ಕ್ಲಿನಿಕ್ಕಿಗೆ ಹೋದೆ. ಒಯ್ದು ಕೊಡುವ ಹುಡುಗ ರಜೆಯಲ್ಲಿದ್ದ, ನಾನೇ ಹೋಗಬೇಕಾಯಿತು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಅತ್ತೆ. ಹಲ್ಲು ಕೀಳಿಸಿಕೊಂಡಿದ್ದರು, ಬಾಯಿ ತುಂಬ ಹತ್ತಿ. ಕೆನ್ನೆ ಊದಿತ್ತು. ಮಾತಾಡುವ ಹಾಗಿಲ್ಲ — ಅತ್ತೆ!

ನನ್ನ ಮಣಿಕಟ್ಟು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಬಿಡಲಿಲ್ಲ. ಮಗ ಮಾತ್ರೆ ತರಲು ಹೋಗಿದ್ದಾನೆಂದು ಅಂಗೈಯಲ್ಲಿ ಮಾತ್ರೆಯ ಆಕಾರ ಬರೆದು, ಕಣ್ಣಿನಲ್ಲೇ ಬಾಗಿಲು ತೋರಿಸಿದರು. ಬಡವಾಗಿದ್ದಾರೆ. ನನ್ನ ಕೂದಲು ಸರಿಮಾಡಿದರು. ನಾನು ಅವರ ಗಲ್ಲ ಒರೆಸಿದೆ.

ಕೌಂಟರಿನ ಹುಡುಗಿ ಕೇಳಿದಳು, "ಇವ್ರ ಜೊತೆ ಬಂದಿದ್ದೀರಾ? ನೀವು ಇವ್ರಿಗೆ ಏನಾಗ್ಬೇಕು?"

ಅತ್ತೆ ನನ್ನನ್ನೇ ನೋಡಿದರು. ಅವರು ಹೇಳುವಂತಿಲ್ಲ, ನಾನೇ ಹೇಳಬೇಕು.

"ಒಟ್ಟಿಗೆ ಓದ್ತಿದ್ವಿ," ಅಂದೆ.

"ಹಾಂ? ಕ್ಲಾಸ್‌ಮೇಟಾ?"

ಅತ್ತೆಗೆ ನಗು ಬಂತು. ಹತ್ತಿ ಕಚ್ಚಿಕೊಂಡೇ, ಭುಜ ಕುಲುಕಿಸಿ, ನೋವಿಗೆ ಕೆನ್ನೆ ಹಿಡಿದು ನಕ್ಕರು. ನಾನೂ ನಕ್ಕೆ. ನಗುತ್ತಲೇ ಇದ್ದೆವು. ಆಮೇಲೆ ಬಾಗಿಲು ತೆರೆಯಿತು, ಮಾತ್ರೆ ಹಿಡಿದು ಮಗ ಬಂದ, ಅವರು ನನ್ನ ಕೈ ಬಿಟ್ಟರು.