ಬಾಣದ ಗುರುತಿನ ಗಾಡಿಗೊಂದು ನಂಬರು

ವಾಹನಗಳಿಗೆ ನಂಬರು ಕೊಡುವ ಮಾನ್ಯ ಅಧಿಕಾರಿಗಳೇ,

ನನ್ನ ಗಾಡಿಗೆ ನಂಬರು ಕೊಡಿ. ಹನ್ನೊಂದು ತಿಂಗಳಿನಿಂದ ಈ ಒಂದೇ ವಾಕ್ಯವನ್ನು ತಮ್ಮ ಆಫೀಸಿನ ಮೂರೂ ಕಿಟಕಿಗಳಲ್ಲಿ ಸವಿನಯವಾಗಿ, ಅತಿ ಸವಿನಯವಾಗಿ, ಕೊನೆಕೊನೆಗೆ ಹಲ್ಲು ಕಚ್ಚಿಕೊಂಡು ಸವಿನಯವಾಗಿ ಹೇಳಿದ್ದೇನೆ. ವಾಹನಗಳಿಗೆ ನಾಮಕರಣ ಮಾಡುವ ಏಕೈಕ ಪುರೋಹಿತರು ತಾವು. ತಾವು ಹೆಸರಿಡದ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಇಳಿಯುವಂತಿಲ್ಲದ್ದರಿಂದ ಅದು ಹೊಳೆನರಸೀಪುರದ ನಮ್ಮ ಮನೆಯಂಗಳದಲ್ಲಿ, ಗೇಟಿಗೂ ಹೊಸಿಲಿಗೂ ನಡುವೆ, ಅಡ್ಡಡ್ಡ ನಿಂತಿದೆ. ನಾನು ಮನೆಯಿಂದ ಹೊರಬರಬೇಕಾದರೆ ಹೊಟ್ಟೆ ಒಳಗೆಳೆದುಕೊಂಡು ಏಡಿಯ ಹಾಗೆ ಮಗ್ಗುಲಾಗಿ ನಡೆಯಬೇಕು. ಪಕ್ಕದ ಮನೆಯ ಗುಂಡಯ್ಯ ದಿನಾ ಬೆಳಿಗ್ಗೆ ಕಾಂಪೌಂಡಿನಾಚೆಯಿಂದ ವಿಚಾರಿಸಿಕೊಳ್ಳುತ್ತಾನೆ: “ಏನ್ ಗೌರೀಶಂಕ್ರಣ್ಣ, ಯುದ್ಧ ಯಾವತ್ತು ಸುರು?”

ಅವನು ಹಾಗೆ ಕೇಳುವುದಕ್ಕೆ ಕಾರಣವಿದೆ. ಅದು ಸೈನ್ಯದಿಂದ ಬಂದ ಗಾಡಿ. ಜೀಪಿನ ಹಿಂದೆ ಕಟ್ಟಿ ಎಳೆಯುವ ಎರಡು ಚಕ್ರದ ಟ್ರೈಲರ್. ಸೈನ್ಯದವರು ಇನ್ನು ಸಾಕೆಂದು ಹರಾಜು ಹಾಕಿದ್ದನ್ನು ಚನ್ನರಾಯಪಟ್ಟಣದ ಗುಜರಿ ವ್ಯಾಪಾರಿಯೊಬ್ಬರು ಹಿಡಿದಿದ್ದರು. ಅವರಿಂದ ನಾನು ಕಾಗದಪತ್ರ ಸಮೇತ ಕೊಂಡೆ. ಕಟ್ಟಾಯದಲ್ಲಿ ಟ್ರ್ಯಾಕ್ಟರ್ ಟ್ರೈಲರ್ ಕಟ್ಟುವ ಮಂಚಯ್ಯನವರು ಸುತ್ತಿಗೆಯಲ್ಲಿ ಅದರ ಬೆನ್ನು, ಪಕ್ಕೆ ಎಲ್ಲ ತಟ್ಟಿ ನೋಡಿ ತೀರ್ಪು ಕೊಟ್ಟರು: “ಇದ್ರಲ್ಲಿ ಗುಂಡು ಓಯ್ತಿತ್ತೋ ಬೇಳೆ ಓಯ್ತಿತ್ತೋ ನಂಗೊತ್ತಿಲ್ಲ ಸಾ. ಆದ್ರೆ ಚಾಸಿ ಐತಲ್ಲ, ಕಬ್ಣ ಕಣ್ ಸಾ, ಕಬ್ಣ! ನಾವಿಬ್ರೂ ಓದ್ಮೇಲೂ ಇರ್ತದೆ.” ಆ ಚಾಸಿಯ ಮೇಲೆ ಅವರು ಒಂದು ಪುಟ್ಟ ಕೋಣೆ ಕಟ್ಟಿದರು. ಒಂದು ಮಂಚ, ಮೊಣಕೈಯಲ್ಲಿ ತಿರುಗಿಸುವ ನಲ್ಲಿ, ನೀರಿನ ಟ್ಯಾಂಕು, ನೆತ್ತಿಯ ಮೇಲೆ ಸೋಲಾರ್ ಹಲಗೆ, ಮಂಚದಡಿ ಬ್ಯಾಟರಿ. ಕರೆಂಟಿನವರ ಹಂಗಿಲ್ಲ, ನೀರು ಬಿಡುವವರ ಹಂಗಿಲ್ಲ. ಉಳಿದದ್ದು ತಮ್ಮೊಬ್ಬರ ಹಂಗು.

ಈ ವಯಸ್ಸಿನಲ್ಲಿ ನಿಮಗೇಕೆ ಬೇಕಿತ್ತು ಈ ಷೋಕಿ ಎಂದು ತಾವು ಕೇಳಬಹುದು. ತಮ್ಮ ಎರಡನೇ ಕಿಟಕಿಯವರು ಕೇಳಿಯೂ ಕೇಳಿದರು. ಉತ್ತರವನ್ನು ಅರ್ಜಿಯಲ್ಲಿ ಬರೆಯಲು ಕಾಲಂ ಇರಲಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಂಡತಿ ಸ್ನೇಹಲತಾ ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಮೂರು ವರ್ಷದ ಹಿಂದೆ ಅವಳ ಮೂತ್ರಪಿಂಡಗಳೆರಡೂ ಸ್ವಯಂನಿವೃತ್ತಿ ಪಡೆದವು. ಅವುಗಳ ಕೆಲಸವನ್ನು ಈಗ ಹೊಟ್ಟೆಗೆ ಹಾಕಿದ ಒಂದು ನಳಿಕೆ ಮಾಡುತ್ತದೆ. ಬೆಳಿಗ್ಗೆ ಆರು, ಹನ್ನೊಂದು, ಸಂಜೆ ನಾಲ್ಕು, ರಾತ್ರಿ ಒಂಬತ್ತು: ದಿನಕ್ಕೆ ನಾಲ್ಕು ಸಲ ಹಳೆಯ ದ್ರವ ಇಳಿಸಿ, ಬೆಚ್ಚಗೆ ಮಾಡಿದ ಹೊಸ ದ್ರವವನ್ನು ಹೊಟ್ಟೆಗೆ ತುಂಬಿಕೊಳ್ಳಬೇಕು. ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್. ಮುಕ್ಕಾಲು ಗಂಟೆ ಸಾಕು. ಆದರೆ ಆ ಮುಕ್ಕಾಲು ಗಂಟೆ ಬಾಗಿಲು ಮುಚ್ಚಿರಬೇಕು, ಫ್ಯಾನು ನಿಂತಿರಬೇಕು, ಧೂಳು ಏಳಬಾರದು, ಯಾರೂ ಒಳಗೆ ಬರಬಾರದು. ಹಾಗಾಗಿ ಅವಳ ಪ್ರಪಂಚ ಮನೆಯಿಂದ ಎರಡು ಗಂಟೆ ಹೋಗಿ ಎರಡು ಗಂಟೆ ಬರುವಷ್ಟಕ್ಕೆ ಕುಗ್ಗಿದೆ. ಹಗ್ಗ ಕಾಣುವುದಿಲ್ಲ, ಗೂಟ ಮಾತ್ರ ಗಟ್ಟಿಯಾಗಿದೆ.

ಅವಳಿಗಿರುವ ಚಟ ಒಂದೇ, ಸಂಗೀತ. ರುದ್ರಪಟ್ಟಣದ ಸಂಗೀತೋತ್ಸವಕ್ಕೆ ಅವಳು ಕಾಯಿಲೆ ಬೀಳುವ ಮೊದಲು ಒಂದು ವರ್ಷವೂ ತಪ್ಪಿಸಿದ್ದಿಲ್ಲ. ಈಗಲೂ ಹೋಗಬಹುದು. ನಾಲ್ಕರ ಸರದಿ ಮುಗಿಸಿ ಹೊರಟರೆ ಆರರ ಹೊತ್ತಿಗೆ ಚಪ್ಪರದಲ್ಲಿ ಕೂರಬಹುದು. ಒಂಬತ್ತಕ್ಕೆ ಮನೆ ಸೇರಬೇಕಲ್ಲ, ಏಳೂವರೆ ದಾಟುತ್ತಿದ್ದಂತೆ ಏಳಬೇಕು. ಹಾಡುವವರು ರಾಗ ಹರಡಿ, ತಾನ ಮುಗಿಸಿ, ಪಲ್ಲವಿ ಎತ್ತುವ ಹೊತ್ತಿಗೆ ಸರಿಯಾಗಿ ನಾವು ಚಪ್ಪಲಿ ಹುಡುಕುತ್ತಿರುತ್ತೇವೆ. ಅಡುಗೆ ಬಡಿಸಿ, ತುಪ್ಪ ಹಾಕಿ, ಎಲೆಯ ಮುಂದಿನಿಂದ ಎಬ್ಬಿಸಿದ ಹಾಗೆ. ಒಮ್ಮೆ ಗೇಟಿನ ಹತ್ತಿರ ಅವಳು ಗಕ್ಕನೆ ನಿಂತಳು. “ಏನ್ರೀ, ಪಲ್ಲವಿ ಸಾಲು ಕೇಳಿಸ್ತಾ?” ಅಂದಳು. ಇಲ್ಲ, ಆಟೋದವನು ಹಾರನ್ ಹೊಡೀತಿದ್ದಾನೆ ಅಂದೆ. “ಹೂಂ, ಅದೇ ಕೇಳ್ಕೊಂಡು ಹೋಗೋಣ ನಡೀರಿ” ಅಂದಳು.

ಅಲ್ಲೇ ಯಾರದಾದರೂ ಮನೆಯಲ್ಲಿ ಉಳಿಯಬಾರದೇ? ಉಳಿದೆವು, ಸ್ವಾಮೀ. ಎರಡು ವರ್ಷದ ಹಿಂದೆ ಅವಳ ಹಳೆಯ ಸಹೋದ್ಯೋಗಿ ಗಂಗಾಧರಯ್ಯನವರು ರುದ್ರಪಟ್ಟಣದ ತಮ್ಮ ಮನೆಯಲ್ಲಿ ಕೋಣೆಯೊಂದನ್ನು ಸಾರಿಸಿ, ಗುಡಿಸಿ ಬಿಟ್ಟುಕೊಟ್ಟರು. ಆದರೆ ನಮ್ಮ ಕಡೆ ನೆಂಟರು ಬಾಗಿಲು ಹಾಕಿಕೊಂಡರೆ ಒಂದೋ ಮುನಿಸು, ಇಲ್ಲವೇ ಅಳು. ಎರಡನ್ನೂ ಸಹಿಸದ ಗಂಗಾಧರಯ್ಯನವರ ತಾಯಿ ಐದೇ ನಿಮಿಷಕ್ಕೆ ಲೋಟ ಹಿಡಿದು ಬಾಗಿಲು ದೂಡಿಕೊಂಡು ಬಂದರು. “ಅದ್ಯಾಕವ್ವ ಬಾಗ್ಲಾಕ್ಕಂಡು ಕುಂತಿದ್ದೀಯ? ಕಾಫಿ ಆರೋಯ್ತದೆ. ಅಯ್ಯೋ, ಎಂಗ್ ಬೆವ್ತೋಗಿದ್ದೀಯ ನೋಡು!” ಎಂದವರೇ ಫ್ಯಾನು ಹಾಕಿಬಿಟ್ಟರು. ನಾಲ್ಕನೇ ದಿನಕ್ಕೆ ಜ್ವರ, ಹೊಟ್ಟೆಯಲ್ಲಿ ಸೋಂಕು. ಹಾಸನದ ಆಸ್ಪತ್ರೆಯಲ್ಲಿ ಹನ್ನೆರಡು ದಿನ. ಆ ಹನ್ನೆರಡರಲ್ಲಿ ಮೂರು ದಿನ ನನ್ನ ಬಾಯಿಂದ ಒಂದು ಹಾಸ್ಯವೂ ಹೊರಡಲಿಲ್ಲ. ನೋಡಲು ಬಂದ ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ, “ನನ್ ಕಾಫಿಯಿಂದ್ಲೇ ಇಂಗಾಯ್ತೇನವ್ವ?” ಎಂದರು. “ಛೆ, ಛೆ, ಕಾಫಿ ಚೆನ್ನಾಗಿತ್ತಮ್ಮ” ಎಂದಳು ಸ್ನೇಹಲತಾ. ಅವಳು ಕಾಫಿ ಕುಡಿದೇ ಇರಲಿಲ್ಲ.

ಆದ್ದರಿಂದ, ಮಾನ್ಯರೇ, ನಾನು ಕೊಂಡದ್ದು ಗಾಡಿಯನ್ನಲ್ಲ. ಮುಚ್ಚಿಕೊಳ್ಳಬಹುದಾದ ಒಂದು ಬಾಗಿಲನ್ನು. ಆ ಬಾಗಿಲಿಗೆ ಒಳಗಡೆಯಿಂದ ಎರಡು ಚಿಲಕ ಬೇಕೆಂದು ಅವಳು ಅಪ್ಪಣೆ ಮಾಡಿದಾಗ ಮಂಚಯ್ಯನವರು ತಲೆ ಕೆರೆದುಕೊಂಡರು. “ಇಷ್ಟಗಲ ಬಾಗ್ಲಿಗೆ ಎಲ್ಡ್ ಚಿಲ್ಕ ಯಾಕಕ್ಕೋ?” “ಒಂದು ಕಾಫಿಗೆ, ಇನ್ನೊಂದು ಅಕ್ಕರೆಗೆ” ಎಂದಳು.

ಈಗ ತಮ್ಮ ಸನ್ನಿಧಾನಕ್ಕೆ ಬರುತ್ತೇನೆ. ಸೈನ್ಯದ ಕಾಗದದಲ್ಲಿ ಗಾಡಿಯ ಸಂಖ್ಯೆಗೆ ಮುಂಚೆ ಮೇಲ್ಮುಖವಾದ ಒಂದು ಬಾಣವಿದೆ. ಸೈನ್ಯದ ಗಾಡಿಗಳಿಗೆಲ್ಲ ಅದು ಇರುತ್ತದೆ. ತಮ್ಮ ಮೂರನೇ ಕಿಟಕಿಯವರು ಅದನ್ನು ಕಂಪ್ಯೂಟರಿಗೆ ಏರಿಸಲು ಪ್ರಾಮಾಣಿಕವಾಗಿ ಶ್ರಮಿಸಿದರು. “ಬಾಣ ಒತ್ತಿದ್ರೆ ಬಾಣ ಬೀಳಲ್ಲ ಸಾ, ಕರ್ಸರು ಮೇಲಕ್ಕೋಯ್ತದೆ. ಈಗ ನೋಡಿ, ನಿಮ್ಮಪ್ಪನ ಹೆಸರಿನ ಮೇಲೆ ಹೋಗಿ ಕುಂತ್ಕತು.” ಬಾಣ ಬಿಟ್ಟು ಬರೆದರು, ದಾಖಲೆಗೂ ಅರ್ಜಿಗೂ ತಾಳೆಯಾಗುತ್ತಿಲ್ಲವೆಂದು ಅರ್ಜಿ ತಿರುಗಿ ಬಂತು. ಆಗ ಯಾರೋ ಬುದ್ಧಿವಂತರು, ಬಾಣ ಮೇಲಕ್ಕಿರುವುದರಿಂದ ಮೇಲಧಿಕಾರಿಗಳಿಗೆ ಕಳಿಸಬೇಕೆಂದು ಅರ್ಥ ಎಂದರು. ಕಡತ ಮೇಲಕ್ಕೆ ಹೋಯಿತು. ಮೂರು ತಿಂಗಳ ತಪಸ್ಸಿನ ನಂತರ ‘ಬಾಣದ ಉದ್ದೇಶವನ್ನು ಅರ್ಜಿದಾರರು ಸ್ಪಷ್ಟಪಡಿಸುವುದು’ ಎಂಬ ಷರಾ ಹೊತ್ತು ಇಳಿಯಿತು. ಬಾಣದ ಉದ್ದೇಶವನ್ನು ಬಿಟ್ಟವರನ್ನು ಕೇಳಬೇಕೋ, ತಗುಲಿಸಿಕೊಂಡವರನ್ನು ಕೇಳಬೇಕೋ?

ಎಂಜಿನ್ ಸಂಖ್ಯೆಯ ಕಥೆ ಇನ್ನೂ ರೋಚಕ. ಟ್ರೈಲರಿಗೆ ಎಂಜಿನ್ ಇರುವುದಿಲ್ಲ. ಆದರೆ ಕಾಲಂ ಖಾಲಿ ಬಿಟ್ಟರೆ ಕಂಪ್ಯೂಟರು ಮುಂದಕ್ಕೆ ಹೋಗುವುದಿಲ್ಲ. ಹಾಗಾಗಿ ‘ಇಲ್ಲ’ ಎಂದು ಬರೆದೆವು. ಕಂಪ್ಯೂಟರು ಕೆಂಪಗಾಗಿ, ‘ಇಲ್ಲ’ ಎಂಬ ಸಂಖ್ಯೆಯ ಎಂಜಿನ್ ಈಗಾಗಲೇ ಬೇರೊಬ್ಬರ ಹೆಸರಿನಲ್ಲಿದೆ ಎಂದು ತಿಳಿಸಿತು. ಯಾರೋ ಪುಣ್ಯಾತ್ಮರು ನನಗಿಂತ ಮೊದಲೇ ಇಲ್ಲದ ಎಂಜಿನ್ನನ್ನು ನೋಂದಾಯಿಸಿಕೊಂಡಿದ್ದಾರೆ. ಇಲ್ಲದ್ದನ್ನು ಕದ್ದವನೆಂಬ ಅನುಮಾನದಲ್ಲಿ ಎರಡನೇ ಕಿಟಕಿಯವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

ಕೊನೆಗೆ ತಮ್ಮ ಇನ್‌ಸ್ಪೆಕ್ಟರು ಖುದ್ದು ಬಂದರು. ಸ್ನೇಹಲತಾ ಹೇಳಿದಂತೆ ಬೂಟು ಬಿಚ್ಚಿ, ಕೈತೊಳೆದು ಒಳಗೆ ಹತ್ತಿದರು. ಮಂಚ ನೋಡಿದರು, ನಲ್ಲಿ ನೋಡಿದರು. “ಇದು ಮನೆ ಆಗೋಯ್ತಲ್ಲ ಮೇಡಂ, ಗಾಡಿ ಎಲ್ಲಿ?” ಎಂದರು.

“ಮನೆಯಾದರೆ ನಿಮ್ಮ ಇಲಾಖೆಗೆ ಇಲ್ಲೇನು ಕೆಲಸ? ಗಾಡಿಯಾದರೆ ನಂಬರ್ ಕೊಡಿ. ಎರಡೂ ಅಲ್ಲ ಅನ್ನೋದಾದರೆ, ಈಗ ನೀವು ಯಾವುದರೊಳಗೆ ನಿಂತಿದ್ದೀರಿ ಹೇಳಿ ನೋಡೋಣ” ಎಂದು ಅವಳು ಪ್ರಶ್ನೆ ಹಾಕಿದಳು. ಮೂರನೇ ಕ್ಲಾಸಿನ ಹುಡುಗನಂತೆ ಅವರು ಕೆಳಗಿಳಿದು ಬೂಟಿನ ಲೇಸು ಕಟ್ಟಿಕೊಳ್ಳತೊಡಗಿದರು. ವರದಿಯಲ್ಲಿ ‘ಪರಿಶೀಲಿಸಲಾಯಿತು’ ಎಂದಷ್ಟೇ ಇದೆ.

ನಮ್ಮ ಭಾಷೆಯ ಚೇಷ್ಟೆ ನೋಡಿ: ಹಾಡುವುದೂ ಕಚೇರಿ, ಅಲೆಸುವುದೂ ಕಚೇರಿ. ಈ ಹನ್ನೊಂದು ತಿಂಗಳಲ್ಲಿ ನಾನು ಕಚೇರಿಗೆ ಹದಿನೇಳು ಸಲ ಹೋದೆ. ಅವಳಿಗೆ ಇನ್ನೂ ಒಂದು ಕಚೇರಿಯನ್ನೂ ಪೂರ್ತಿ ಕೇಳಲಾಗಲಿಲ್ಲ. ಮೊನ್ನೆ ಡಾಕ್ಟರು ಅವಳ ರಿಪೋರ್ಟು ನೋಡಿ, ಮುಂದಿನ ವರ್ಷದ ಹೊತ್ತಿಗೆ ಬಹುಶಃ ಆಸ್ಪತ್ರೆಯ ಮಷೀನಿಗೇ ಹೋಗಬೇಕಾದೀತು ಎಂದರು. ಅಂದರೆ ವಾರಕ್ಕೆ ಮೂರು ದಿನ ಹಾಸನ. ಆಗ ಈ ಬಾಗಿಲಿನ ಕೆಲಸವೂ ಮುಗಿಯುತ್ತದೆ. ಡಾಕ್ಟರ ರೂಮಿನಿಂದ ಹೊರಬಂದು ಅವಳು ಕೇಳಿದ್ದು ಒಂದೇ ಮಾತು: “ಉತ್ಸವ ಎಷ್ಟನೇ ತಾರೀಖು?”

ಉತ್ಸವಕ್ಕೆ ಇನ್ನು ಹತ್ತೊಂಬತ್ತು ದಿನ. ಅಷ್ಟರೊಳಗೆ ನಂಬರು ಕೊಡಿ. ಕೊಡದಿದ್ದರೆ ಮೊದಲ ದಿನ ಬೆಳಿಗ್ಗೆ ಏಳಕ್ಕೆ, ಆರರ ಸರದಿ ಮುಗಿದ ಮೇಲೆ, ಮಂಚಯ್ಯನವರ ಜೀಪಿಗೆ ಕಟ್ಟಿದ ನಂಬರಿಲ್ಲದ ಟ್ರೈಲರು ಅರಕಲಗೂಡು ರಸ್ತೆ ಹಿಡಿಯುತ್ತದೆ. ಸ್ನೇಹಲತಾ ಜೀಪಿನ ಮುಂದಿನ ಸೀಟಿನಲ್ಲಿರುತ್ತಾಳೆ. ಅದು ಅಪರಾಧವೆಂದು ಬಲ್ಲೆ. ಹಿಡಿಯುವುದು ತಮ್ಮ ಕರ್ತವ್ಯವೆಂದೂ ಬಲ್ಲೆ. ದಯವಿಟ್ಟು ಹಿಡಿಯಿರಿ. ಆದರೆ ದಾರಿಯಲ್ಲಿ ಬೇಡ. ರುದ್ರಪಟ್ಟಣದಲ್ಲಿ ಹಿಡಿಯಿರಿ. ಚಪ್ಪರದಿಂದ ನೂರು ಹೆಜ್ಜೆಗೆ ಗಂಗಾಧರಯ್ಯನವರ ಖಾಲಿ ಜಾಗವಿದೆ, ಹಾಡು ಸ್ಪಷ್ಟವಾಗಿ ಕೇಳಿಸುತ್ತದೆ. ಅಲ್ಲಿ ಮುಟ್ಟುಗೋಲು ಹಾಕಿ, ಚಕ್ರಕ್ಕೆ ಸರಪಳಿ ಬಿಗಿದು, ‘ಸದರಿ ವಾಹನವನ್ನು ಕೊನೆಯ ದಿನದ ಮಂಗಳ ಮುಗಿಯುವವರೆಗೆ ಸ್ಥಳದಿಂದ ಕದಲಿಸತಕ್ಕದ್ದಲ್ಲ’ ಎಂದು ಬರೆದು ಮೊಹರು ಒತ್ತಿ. ತಮ್ಮ ಇಲಾಖೆ ಒಮ್ಮೆ ನಿಲ್ಲಿಸಿದ್ದು ಎಷ್ಟು ಭದ್ರವಾಗಿ ನಿಲ್ಲುತ್ತದೆಂಬುದು ನನಗೆ ಹನ್ನೊಂದು ತಿಂಗಳ ಅನುಭವ.

ಇಂತಿ,
ಹಿಡಿಯುವವರಿಗೆ ಹುಡುಕುವ ಶ್ರಮವಾಗದಿರಲೆಂದು ತಾರೀಖು, ವೇಳೆ, ದಾರಿ ಎಲ್ಲವನ್ನೂ ಮುಂಗಡವಾಗಿ ಒಪ್ಪಿಸಿರುವ,
ಗೌರೀಶಂಕರ,
ಹೊಳೆನರಸೀಪುರ