ಸೋತದ್ದೇಕೆಂದು ಹೇಳದ ತರಬೇತಿ

ಮಾನ್ಯ ತರಬೇತಿ ಅಧಿಕಾರಿಗಳೇ,

ಆಟದಲ್ಲಿ ಸೋತವರಿಗೆ ಯಾಕೆ ಸೋತಿರೆಂದು ತಿಳಿಸುತ್ತಿದ್ದ ಇಪ್ಪತ್ತು ನಿಮಿಷಗಳನ್ನು ತಾವು ‘ಸಮಯದ ಅಪವ್ಯಯ’ ಎಂದು ಕತ್ತರಿಸಿ ಹಾಕಿದಿರಿ. ಹಾಗೆ ಉಳಿಸಿದ ಸಮಯ ಜಡಿಗೇನಹಳ್ಳಿ ಹೋಬಳಿಯಲ್ಲಿ ಹೇಗೆ ಖರ್ಚಾಯಿತೆಂದು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ನಾನು ಗ್ರಾಮ ಪಂಚಾಯಿತಿ ಸದಸ್ಯೆ. ಹೋದ ವರ್ಷ ಹೊಸಕೋಟೆಯಲ್ಲಿ ನಮಗೆ ನೆರೆ ನಿರ್ವಹಣೆಯ ತರಬೇತಿ ಕೊಟ್ಟಿರಿ. ಟ್ಯಾಬಿನಲ್ಲಿ ಒಂದು ಆಟ. ಪರದೆಯ ಮೇಲೆ ಒಂದು ಊರು, ತುಂಬುತ್ತಿರುವ ಕೆರೆ. ನಮ್ಮ ಕೈಯಲ್ಲಿ ಒಂದೇ ಟ್ರ್ಯಾಕ್ಟರ್, ಹತ್ತು ಆಳು. ಯಾರನ್ನು ಎಲ್ಲಿಗೆ ಕಳಿಸಬೇಕೆಂದು ನಾವೇ ತೀರ್ಮಾನಿಸಬೇಕು. ನಾನು ಮರಳಿನ ಮೂಟೆ ಹೇರಿಸಿ ಟ್ರ್ಯಾಕ್ಟರನ್ನು ಕೆರೆ ಏರಿಗೆ ಅಟ್ಟಿದೆ. ಊರು ಮುಳುಗಿತು. ತರಬೇತಿ ಕೊಡುತ್ತಿದ್ದ ಮಮತ ಪಕ್ಕದಲ್ಲಿ ಕುಳಿತು, “ರುಕ್ಮಿಣಮ್ಮೋರೇ, ಏರಿಗಿಂತ ಮೊದ್ಲು ಏನು ಹೋಯ್ತು, ನೋಡಿದ್ರಾ?” ಎಂದು ಆಟವನ್ನು ಹಿಂದಕ್ಕೆ ಓಡಿಸಿ ತೋರಿಸಿದರು. ತಗ್ಗಿನ ಕಾಲೊನಿಯ ರಸ್ತೆ! ಅದು ಮುಳುಗಿದ ಮೇಲೆ ಟ್ರ್ಯಾಕ್ಟರ್ ಇದ್ದೂ ಇಲ್ಲದಂತೆ. ನಾಚಿಕೆಯಾಯಿತು. ಮತ್ತೆ ಆಡಿದೆ, ಮೊದಲು ಜನರನ್ನು ಕರೆತಂದೆ.

ಮುಂದಿನ ತಂಡಕ್ಕೆ ಆ ಇಪ್ಪತ್ತು ನಿಮಿಷವೂ ಇರಲಿಲ್ಲ, ಮಮತ ಅವರೂ ಇರಲಿಲ್ಲ. ಪಕ್ಕದ ಪಂಚಾಯಿತಿಯ ಸಂಜೀವಪ್ಪ ನನ್ನ ತಪ್ಪನ್ನೇ ಮೂರು ಸಲ ಮಾಡಿದ. ಮೂರು ಸಲವೂ ಪರದೆ, “ಭಾಗವಹಿಸಿದ್ದಕ್ಕೆ ಧನ್ಯವಾದಗಳು” ಎಂದಿತು. ಎಂಥ ಸೌಜನ್ಯ! ಪ್ರಮಾಣಪತ್ರವೂ ಸಿಕ್ಕಿತು. ಹೊರಡುವಾಗ ಅವನ ಅಭಿಪ್ರಾಯವನ್ನು ಮಾತ್ರ ತಪ್ಪದೆ ಬರೆಸಿಕೊಂಡಿರಂತೆ: ಉಪ್ಪಿಟ್ಟು ಹೇಗಿತ್ತು, ಫ್ಯಾನು ತಿರುಗುತ್ತಿತ್ತೇ? ಉಪ್ಪಿಟ್ಟಿಗೆ ಸಿಕ್ಕ ವಿಮರ್ಶೆ ಸಂಜೀವಪ್ಪನಿಗೇಕೆ ಸಿಗಲಿಲ್ಲ, ಸ್ವಾಮಿ? ಇದನ್ನೆಲ್ಲ ಅವನು ಬಸ್ ಸ್ಟ್ಯಾಂಡಿನಲ್ಲಿ ಹೇಳಿದಾಗ ಇಬ್ಬರೂ ನಕ್ಕಿದ್ದೆವು.

ಅಕ್ಟೋಬರಿನ ಮಳೆಗೆ ಎರಡೂ ಊರಿನ ಕೆರೆಗಳು ಒಂದೇ ದಿನ ಕೋಡಿ ಬಿದ್ದವು. ನಾನು ಬೆಳಗ್ಗೆಯೇ ಕಾಲೊನಿಯವರನ್ನು ಶಾಲೆಗೆ ಸಾಗಿಸಿದೆ. “ನೀರೇ ಬಂದಿಲ್ಲ, ಸುಮ್ನೆ ಎಬ್ಬಿಸ್ತಾವ್ಳೆ” ಎಂದು ಬೈಸಿಕೊಂಡೆ. ಸಂಜೀವಪ್ಪ ಟ್ರ್ಯಾಕ್ಟರನ್ನು ಏರಿಗೆ ಕಳಿಸಿದ. ಅದು ವಾಪಸಾಗುವಷ್ಟರಲ್ಲಿ ಅವನೂರಿನ ತಗ್ಗಿನ ರಸ್ತೆ ಮುಳುಗಿತ್ತು. ಒಂಬತ್ತು ಮನೆಯವರು ಸಂಜೆಯವರೆಗೆ ತಾರಸಿಯ ಮೇಲೆ ನೆನೆಯುತ್ತ ಕುಳಿತರು. ಅಲ್ಲಿಗೆ ಹತ್ತುವಾಗ ಅಕ್ಕಯ್ಯಮ್ಮ ಎಂಬ ವೃದ್ಧೆ ಜಾರಿ ಸೊಂಟ ಮುರಿದುಕೊಂಡರು.

ಅವರನ್ನು ನೋಡಲು ಹೋದಾಗ ಆಸ್ಪತ್ರೆಯ ವರಾಂಡದಲ್ಲಿ ಸಂಜೀವಪ್ಪ ಕುಳಿತಿದ್ದ. “ಅಕ್ಕಾ, ಆಟದಲ್ಲೂ ಹಿಂಗೇ ಮಾಡಿದ್ದೆ. ತಪ್ಪು ಅಂತ ಒಬ್ರೂ ಹೇಳ್ಲಿಲ್ಲ. ಸರ್ಟಿಫಿಕೇಟ್ ಕೊಟ್ರಲ್ಲಾ, ಸರಿ ಅಂತ್ಲೇ ಅಂದ್ಕೊಂಡ್ಬಿಟ್ಟೆ” ಎಂದು ಮುಖ ಮುಚ್ಚಿಕೊಂಡ. ಬಸ್ ಸ್ಟ್ಯಾಂಡಿನಲ್ಲಿ ನಗುವ ಬದಲು ನಾನು ಎರಡು ಮಾತು ಹೇಳಿದ್ದರೆ ಸಾಕಿತ್ತು. ತಮ್ಮನ್ನು ಬೈಯುವಾಗ ನನ್ನ ನಾಲಿಗೆ ತಡವರಿಸುವುದು ಇದೊಂದೇ ಕಾರಣಕ್ಕೆ.

ನನ್ನ ಬೇಡಿಕೆ ಇಷ್ಟೇ. ಮಮತ ಅವರನ್ನು ಕರೆಸಿ, ಆ ಇಪ್ಪತ್ತು ನಿಮಿಷ ಹಿಂದಿರುಗಿಸಿ. ಸಂಜೀವಪ್ಪನ ತಂಡವನ್ನು ಮತ್ತೆ ಆಡಿಸಿ. ಅವನು ಬರಲು ಒಪ್ಪಿದ್ದಾನೆ. ಅವನ ಪಕ್ಕದಲ್ಲಿ ನಾನೂ ಕೂರುತ್ತೇನೆ. ತಾವು ಕುರ್ಚಿ ಕೊಟ್ಟರೂ ಸರಿ, ಕೊಡದಿದ್ದರೂ ಸರಿ.

ಇಂತಿ,
ಗೊತ್ತಿದ್ದೂ ಪಕ್ಕದೂರಿಗೆ ಹೇಳದೆ ಉಳಿದ
ರುಕ್ಮಿಣಮ್ಮ