ಸಬೋಹತ್ ಮುಚ್ಚಲು ಬಿಡದ ಗೋಡೆ

ಚೋರ್‌ಬೇದ್, ಪಂಜಕೆಂಟ್ ಪಕ್ಕ
ಮಾರ್ಚ್ ೪, ಬೆಳಿಗ್ಗೆ

ನನ್ನ ಕಣ್ಣಬೆಳಕು ಶೋದಮೋನ್‌ಗೆ ನಿನ್ನಪ್ಪ ನಜ್ರುಲ್ಲೋನ ಸಲಾಂ,

ಮೊದಲು ನಿನ್ನ ಮೈ ಹೇಗಿದೆ ಹೇಳು. ಆ ಹಲ್ಲುನೋವು ಹೋಯಿತೋ, ಇಲ್ಲ ಇನ್ನೂ ಲವಂಗ ಕಚ್ಚಿಕೊಂಡೇ ದಿನ ದೂಡುತ್ತಿದ್ದೀಯೋ? ಯೆಕಟೆರಿನ್‌ಬರ್ಗಿನಲ್ಲಿ ಇನ್ನೂ ಹಿಮ ಕರಗಿಲ್ಲವಂತೆ. ಅಷ್ಟು ಎತ್ತರದ ಸಾರುವೆಯ ಮೇಲೆ ನಿಂತು ಕೆಲಸ ಮಾಡುವವನು ಕೈಗವಸು ಬಿಚ್ಚಬೇಡ. ನಿಮ್ಮಮ್ಮ ಹೆಣೆದದ್ದನ್ನು ಅಲ್ಲಿಗೆ ಹೊರಟಿರುವ ಪಕ್ಕದ ಮನೆಯ ಕುರ್ಬೋನ್ ಕೈಲಿ ಕಳಿಸುತ್ತಿದ್ದೇನೆ, ಒಂದು ಗಂಟು ಒಣ ಜರ್ದಾಳೂ ಇದೆ. ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ, ಅಂದರೆ ಕ್ಷೇಮ. ನಿನ್ನ ಮಗಳು ಪರ್ವೋನಾಳ ಮುಂದಿನ ಹಲ್ಲು ಬಿದ್ದಿದೆ. ‘ಅಪ್ಪ ಬರೋದ್ರೊಳಗೆ ಹೊಸದು ಹುಟ್ಟುತ್ತಾ ತಾತ?’ ಎಂದು ದಿನಾ ಕೇಳುತ್ತಾಳೆ.

ಫೋನು ಇದ್ದರೂ ಮುದುಕ ಯಾಕೆ ಕಾಗದ ಬರೆಯುತ್ತಿದ್ದಾನೆ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಮನೆ ಆಯಿತಾ ಎಂದು ಕೇಳುತ್ತೀಯ, ಆಯಿತು ಎನ್ನುತ್ತೇನೆ, ಸರಿ ಎಂದು ಇಟ್ಟುಬಿಡುತ್ತೀಯ. ನಿನ್ನ ಹೆಂಡತಿ ಸಬೋಹತ್ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಹೆಂಗಸಲ್ಲ. ಆ ಮನೆ ಹೇಗಾಯಿತು ಎಂಬುದು ನಿನಗೆ ಗೊತ್ತಿಲ್ಲ. ಗೊತ್ತಾಗಬೇಕು. ಕಾಗದಕ್ಕೆ ಅಡ್ಡ ಮಾತಾಡಲು ನಿನಗೂ ಆಗುವುದಿಲ್ಲ.

ಭೂಕಂಪದಲ್ಲಿ ನಮ್ಮ ಮನೆ ಬಿದ್ದದ್ದು, ನಾವು ಡೇರೆಯಲ್ಲಿದ್ದದ್ದು, ಬೇಸಿಗೆಯಲ್ಲಿ ಪರದೇಶದವರು ಮನೆ ಕಟ್ಟಿಕೊಡಲು ಬಂದದ್ದು ನಿನಗೆ ಗೊತ್ತಿರುವುದೇ. ಅವರ ಮುಖಂಡಳು ನಾನೂಲಿ, ಜಾರ್ಜಿಯಾ ದೇಶದವಳು, ಹೆಚ್ಚುಕಮ್ಮಿ ನಿನ್ನ ಸೋದರತ್ತೆಯ ವಯಸ್ಸು, ಗಂಡಸಿನ ಹಾಗೆ ಸಿಗರೇಟು ಸೇದುತ್ತಾಳೆ, ಗಂಡಸಿಗಿಂತ ಚೆನ್ನಾಗಿ ಗಾರೆ ಕಲಸುತ್ತಾಳೆ. ಸೈನ್ಯದಲ್ಲಿ ನಾನು ಕಲಿತ ರಷ್ಯನ್ ಇಷ್ಟು ವರ್ಷದ ಮೇಲೆ ಅವಳ ಜೊತೆ ಜಗಳವಾಡಲು ಉಪಯೋಗಕ್ಕೆ ಬಂತು. ಅವಳ ಹಿಂದೆ ಏಳೆಂಟು ಹುಡುಗ ಹುಡುಗಿಯರು. ಅದರಲ್ಲಿ ಫ್ಲಾವಿಯೋ ಎಂಬ ಇಟಲಿಯವನು ಒಬ್ಬ, ಬಿದಿರಿನ ಹಾಗೆ ಉದ್ದ. ನಿಮ್ಮಮ್ಮ ಅವನಿಗೆ ತಿನ್ನಿಸಿದ ಓಷ್ ಪಲಾವಿನ ಮಾಂಸ ಲೆಕ್ಕ ಹಾಕಿದರೆ ಒಂದು ಕುರಿ ಆದೀತು. ‘ಇವನ ತಾಯಿ ಇವನನ್ನ ಹೆತ್ತಿದಾಳೆ ಅಷ್ಟೆ, ಊಟ ಹಾಕೋದು ಮರೆತಿದಾಳೆ’ ಅಂತಿದ್ದಳು. ಸಂಬಳವಿಲ್ಲದೆ, ರಜೆ ಹಾಕಿಕೊಂಡು, ಯಾರದೋ ಊರಿನ ಮಣ್ಣು ತುಳಿಯಲು ಬರುವವರು ಎಂಥ ಜನ ಎಂದು ನನಗೆ ಮೊದಲು ಅರ್ಥವೇ ಆಗಲಿಲ್ಲ. ಏನೋ ಒಳಗಿನ ಹುನ್ನಾರ ಇರಬೇಕು ಎಂದು ಚಹಾದಂಗಡಿಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಪಾಯ ತೋಡಲು ಶುರುಮಾಡಿದ ದಿನ ಅವರು ಶಾಲೆಯ ಚಾವಣಿ ಕೆಲಸಕ್ಕೆ ಹೋಗಿದ್ದರು. ನಾನು, ಸಬೋಹತ್, ಪಕ್ಕದ ಮನೆಯ ಕುರ್ಬೋನ್ ಮೂವರೇ ತೋಡುತ್ತಿದ್ದೆವು. ಎದೆಮಟ್ಟಕ್ಕೆ ಇಳಿದಿದ್ದೇವೆ, ಸಬೋಹತ್‌ಳ ಗುದ್ದಲಿ ಗಟ್ಟಿಯಾಗಿ ಏನಕ್ಕೋ ತಾಗಿತು. ಅವಳು ಗುದ್ದಲಿ ಎಸೆದು ಕೈಯಿಂದಲೇ ಮಣ್ಣು ಸರಿಸಿದಳು. ಹಳೆಯ ಗೋಡೆ. ಅದರ ಗಿಲಾವಿನ ಮೇಲೆ ಬಣ್ಣ, ನೀಲಿ ಮತ್ತು ಕಾವಿಗೆಂಪು. ಇನ್ನಷ್ಟು ಸರಿಸಿದರೆ ಕುದುರೆಯ ನಾಲ್ಕು ಕಾಲು ಕಾಣಿಸಿತು. ಮೇಲಿನ ಭಾಗ ಇಲ್ಲ.

ಕುರ್ಬೋನ್ ಆಚೀಚೆ ನೋಡಿ, ‘ಚಾಚಾ, ಯಾರೂ ನೋಡಿಲ್ಲ. ಮಣ್ಣೆಳೆದುಬಿಡೋಣ. ಮ್ಯೂಸಿಯಂನವರಿಗೆ ವಾಸನೆ ಬಡೀತೋ, ನಿಮ್ಮ ಮೊಮ್ಮಗಳ ಮದುವೇನೂ ಈ ಡೇರೇಲೇ ಆಗ್ಬೇಕಾಗುತ್ತೆ’ ಅಂದ. ನನಗೂ ಅದೇ ಸರಿಯೆನ್ನಿಸಿತು. ಸಲಿಕೆ ತೆಗೆದುಕೊಂಡು ನಾನೇ ಮೊದಲ ಮಣ್ಣು ಹಾಕಿದೆ. ಸಬೋಹತ್ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಎರಡನೆಯ ಸಲಿಕೆ ಎತ್ತಿದೆ, ಅಲುಗಲಿಲ್ಲ. ಮದುವೆಯಾಗಿ ಬಂದ ದಿನದಿಂದ ನನ್ನೆದುರು ತಲೆಯೆತ್ತಿ ಮಾತಾಡದವಳು ಅಂದಳು: ‘ಮಾವ, ಹಾಕೋದಾದ್ರೆ ನನ್ನ ಮೇಲೂ ಹಾಕಿ. ನಮ್ಮ ಮನೆ ಬಿದ್ದಾಗ ನಾವು ಏನಂತ ಅತ್ವಿ? ಇದೂ ಯಾರೋ ಕಟ್ಟಿಕೊಂಡಿದ್ದ ಮನೆ. ಇದನ್ನ ಮುಚ್ಚಿ ಮೇಲೆ ಒಲೆ ಹಚ್ಚಿದ್ರೆ ನನಗೆ ರೊಟ್ಟಿ ಗಂಟಲಲ್ಲಿ ಇಳಿಯಲ್ಲ.’

ನಾನು ರೇಗಿದೆ, ಸುಳ್ಳೇಕೆ ಹೇಳಲಿ. ‘ಸತ್ತವರ ಮನೆಗೋಸ್ಕರ ಬದುಕಿರೋರು ಚಳೀಲಿ ಸಾಯಬೇಕಾ? ನಿನ್ನ ಗಂಡನಿಗೆ ಏನು ಹೇಳಲಿ?’ ಎಂದು ಕೂಗಾಡಿದೆ. ‘ಅವರಿಗೆ ನಾನು ಹೇಳ್ತೀನಿ. ಮೊದಲು ಮನೆ ಕಟ್ಟಿ ಆಮೇಲೆ ಹೇಳ್ತೀನಿ’ ಅಂದಳು. ತಲೆಗೆ ಕಟ್ಟಿದ ವಸ್ತ್ರ ಕೊಡವಿಕೊಂಡು ಅದೇ ಮಣ್ಣಿನ ಬಟ್ಟೆಯಲ್ಲಿ ರಸ್ತೆಗೆ ಹೋಗಿ, ಸಿಕ್ಕಿದ ಲಾರಿ ಹತ್ತಿ ಪಂಜಕೆಂಟಿಗೆ ಹೊರಟೇಹೋದಳು. ನಿಮ್ಮಮ್ಮ ಡೇರೆಯಿಂದ ಇಣುಕಿ, ‘ನೋಡ್ತಾ ನಿಂತ್ಕೊಂಡ್ರಲ್ಲ, ಒಂದು ಹೆಣ್ಣನ್ನ ಹೆದರಿಸಕ್ಕೂ ಬರಲ್ಲ ನಿಮಗೆ’ ಎಂದು ನನ್ನನ್ನೇ ಹಂಗಿಸಿದಳು.

ಸಂಜೆ ವಾಪಸ್ಸಾದಾಗ ಜೊತೆಗೆ ಉತ್ಖನನದ ಮುನವ್ವರಾ ಇದ್ದಳು. ದುಶಾಂಬೆಯಲ್ಲಿ ಓದಿದವಳು, ದಪ್ಪ ಕನ್ನಡಕ. ಆಚೆ ಗುಡ್ಡದಲ್ಲಿ ಅಗೆಯುತ್ತಿರುವ ತಂಡ ಅವಳದೇ, ಅವಳ ಕೈಕೆಳಗೂ ಬೇರೆ ಬೇರೆ ದೇಶದಿಂದ ಬಂದ ಹುಡುಗರು. ಗುಂಡಿಗಿಳಿದು ಮಂಡಿಯೂರಿ ಕುದುರೆಯ ಕಾಲನ್ನು ಹತ್ತಿರದಿಂದ ನೋಡಿದಳು. ಆಮೇಲೆ, ‘ಚಾಚಾ, ಇಲ್ಲಿ ಪಾಯ ಹಾಕೋ ಹಾಗಿಲ್ಲ’ ಅಂದಳು. ನಾನು ಬಾಯಿ ತೆರೆಯುವ ಮುಂಚೆ ಸಬೋಹತ್, ‘ಇಲ್ಲಿ ಹಾಕಲ್ಲಕ್ಕಾ, ಮೇಲ್ಗಡೆ ತೋಟದಲ್ಲಿ ಹಾಕ್ತೀವಿ. ಆದ್ರೆ ಹಿಮ ಬೀಳೋದ್ರೊಳಗೆ ನಮಗೆ ಚಾವಣಿ ಬೇಕು. ಬೆಳಿಗ್ಗೆ ನಿಮ್ಮ ಹುಡುಗರು ನನ್ನ ಗೋಡೆಗೆ ಕೈ ಹಚ್ಚಲಿ, ಮಧ್ಯಾಹ್ನ ನಾನು, ನಾನೂಲಿಯವರ ಕಡೆಯವರು ನಿಮ್ಮ ಗುಂಡಿಗೆ ಇಳೀತೀವಿ. ಆಗುತ್ತೆ ಅಂದ್ರೆ ಆಗುತ್ತೆ ಅನ್ನಿ, ಇಲ್ಲಾಂದ್ರೆ ಇಲ್ಲ ಅನ್ನಿ’ ಅಂದಳು. ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡೇ ಬಂದಿದ್ದಾಳೆ ನೋಡು! ಅಷ್ಟರಲ್ಲಿ ಶಾಲೆಯ ಕೆಲಸ ಮುಗಿಸಿ ಬಂದಿದ್ದ ನಾನೂಲಿ ಸಿಗರೇಟು ಕೆಳಗೆ ಹಾಕಿ ತುಳಿದು, ‘ಈ ಹೆಂಗಸು ನಮ್ಮೂರಲ್ಲಿ ಹುಟ್ಟಿದ್ರೆ ಮಂತ್ರಿ ಆಗ್ತಿದ್ದಳು’ ಅಂದಳು. ಮುನವ್ವರಾ ನಕ್ಕು ಕೈ ಚಾಚಿದಳು.

ಮೇಲ್ಗಡೆಯ ತೋಟ ಎಂದರೆ ಜರ್ದಾಳು ಮರಗಳು, ಮಗನೇ. ನಿನ್ನ ತಾತ ನೆಟ್ಟದ್ದು. ಮನೆಗೆ ಜಾಗ ಬೇಕಾದರೆ ಅದರಲ್ಲಿ ಮೂರು ಹೋಗಲೇಬೇಕಿತ್ತು. ಸಬೋಹತ್ ಆ ಮಾತೆತ್ತಲು ನನ್ನ ಬಳಿ ಬಂದು ನಿಂತಳು, ಎತ್ತಲಾಗಲಿಲ್ಲ, ಚಹಾ ಇಟ್ಟು ಹೋದಳು. ಮರುದಿನ ನಾನೇ ಕೊಡಲಿ ತೆಗೆದುಕೊಂಡು ಹೋದೆ. ಬೇರೆಯವರ ಕೈಯಿಂದ ಕಡಿಸಲು ಮನಸ್ಸಾಗಲಿಲ್ಲ. ಫ್ಲಾವಿಯೋ ಓಡಿ ಬಂದು ಕೊಡಲಿ ಕೇಳಿದ, ಕೊಡಲಿಲ್ಲ. ಅವನು ಸುಮ್ಮನೆ ನನ್ನ ಪಕ್ಕದಲ್ಲಿ ಕೂತು, ಬಿದ್ದ ಕೊಂಬೆಗಳನ್ನು ಒಂದೊಂದಾಗಿ ಎತ್ತಿ ಬದಿಗಿಟ್ಟ, ಮಲಗಿದ ಮಗುವನ್ನು ಎತ್ತಿಡುವವನ ಹಾಗೆ. ಅವತ್ತಿನಿಂದ ನಾನು ಈ ಜನರ ಬಗ್ಗೆ ಚಹಾದಂಗಡಿಯಲ್ಲಿ ಕೆಟ್ಟ ಮಾತಾಡಿಲ್ಲ.

ಆಮೇಲಿನ ದಿನಗಳನ್ನು ನೀನು ನೋಡಬೇಕಿತ್ತು. ಬೆಳಿಗ್ಗೆ ಮನೆ, ಮಧ್ಯಾಹ್ನ ಗುಂಡಿ. ಸಬೋಹತ್ ಹುಲ್ಲು ಕಲಸಿದ ಮಣ್ಣು ತುಳಿಯುವಾಗ ಅವರಿಗೆ ಹೇಗೆ ತುಳಿಯಬೇಕೆಂದು ತೋರಿಸುವಳು, ನಾನೂಲಿ ಭೂಕಂಪಕ್ಕೆ ಗೋಡೆ ಬಿರಿಯದ ಹಾಗೆ ನಡುನಡುವೆ ಮರದ ಪಟ್ಟಿ ಕೂರಿಸುವುದನ್ನು ಇವಳಿಗೆ ಕಲಿಸುವಳು. ಗುಂಡಿಯಲ್ಲಿ ಮುನವ್ವರಾ ಕುಂಚ ಹಿಡಿಯುವುದನ್ನು ಹೇಳಿಕೊಟ್ಟಳು. ಒಲೆ ಸಿಕ್ಕಿತು, ಇನ್ನೂ ಮಸಿ ಹಿಡಿದಿದ್ದ ಒಲೆ. ಪರ್ವೋನಾ ಗುಂಡಿಯ ಅಂಚಿನಲ್ಲಿ ಕೂತು, ‘ಉಳಿದ ಕುದುರೆ ಎಲ್ಲಿ ಹೋಯ್ತು? ಹುಲ್ಲು ತಿನ್ನಕ್ಕೆ ಹೋಯ್ತಾ?’ ಎಂದು ಆ ಓದಿದವರನ್ನೆಲ್ಲ ಗೋಳುಹೊಯ್ದುಕೊಂಡಳು.

ಎಲ್ಲ ಸಲೀಸಾಗಿ ಆಯಿತೆಂದುಕೊಳ್ಳಬೇಡ. ಅಕ್ಟೋಬರಿನಲ್ಲಿ ಕಾಲವಲ್ಲದ ಕಾಲದಲ್ಲಿ ಮಳೆ ಹಿಡಿಯಿತು. ಹಸಿಯಾಗಿದ್ದ ಉತ್ತರದ ಗೋಡೆ ಬೆಳಗಾಗುವಷ್ಟರಲ್ಲಿ ಕೆಸರಿನ ಗುಡ್ಡೆಯಾಗಿತ್ತು. ಇದ್ದ ಟಾರ್ಪಾಲನ್ನು ಹಿಂದಿನ ಸಂಜೆ ಅವಳೇ ಗುಂಡಿಯ ಬಣ್ಣದ ಗೋಡೆಗೆ ಹೊದಿಸಿ ಬಂದಿದ್ದಳು. ಅದನ್ನು ಕಂಡು ನಿಮ್ಮಮ್ಮ ಎದೆ ಬಡಿದುಕೊಂಡು, ‘ಕುದುರೆಗೆ ಹೊದಿಕೆ, ಮಗೂಗೆ ಮಳೆ!’ ಎಂದಳು. ಸಬೋಹತ್ ಕೆಸರಿನಲ್ಲೇ ಕುಕ್ಕರಿಸಿ ಅತ್ತಳು. ನಿನ್ನ ಹೆಂಡತಿ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮುನವ್ವರಾ ಬಂದಳು, ನೋಡಿದಳು, ತನ್ನ ತಂಡವನ್ನೆಲ್ಲ ಗುಡ್ಡದ ಕೆಲಸ ನಿಲ್ಲಿಸಿ ಕರೆಸಿದಳು. ಊರವರೂ ಬಂದರು. ನಿಮ್ಮಮ್ಮ ಬೈಯುತ್ತಲೇ ತಂದೂರ್ ಒಲೆ ಹಚ್ಚಿ ಅಷ್ಟೂ ಜನಕ್ಕೆ ರೊಟ್ಟಿ ಬಡಿದಳು. ಗೋಡೆ ಮತ್ತೆ ಎದ್ದಿತು, ಮೊದಲಿಗಿಂತ ನೆಟ್ಟಗೆ. ಚಾವಣಿಯ ಕೊನೆಯ ತೊಲೆ ಏರಿದ ವಾರವೇ ಹಿಮ ಬಿತ್ತು. ನಾವು ಒಳಗೆ ಬೆಚ್ಚಗೆ ಕೂತು ಅದನ್ನು ಕಿಟಕಿಯಿಂದ ನೋಡಿದೆವು.

ಹೋದ ತಿಂಗಳು ಆ ಬಣ್ಣದ ಗೋಡೆಯನ್ನು ಪಂಜಕೆಂಟಿನ ಮ್ಯೂಸಿಯಂನಲ್ಲಿ ಜನರಿಗೆ ತೋರಿಸಿದರು. ನಮ್ಮನ್ನೂ ಕರೆದಿದ್ದರು. ದೊಡ್ಡ ಅಧಿಕಾರಿಯೊಬ್ಬ ಎಲ್ಲರಿಗೂ ಧನ್ಯವಾದ ಹೇಳಿದ, ಕುರ್ಚಿ ಕೊಟ್ಟವರಿಗೂ ಹೇಳಿದ, ಸಬೋಹತ್‌ಳ ಹೆಸರೆತ್ತಲಿಲ್ಲ. ನನ್ನ ಮೀಸೆ ಅದುರಿತು. ಅಷ್ಟರಲ್ಲಿ ಮುನವ್ವರಾ ಎದ್ದು, ಹಿಂದಿನ ಸಾಲಿನಲ್ಲಿದ್ದ ಅವಳನ್ನು ಕೈಹಿಡಿದು ಮುಂದೆ ಕರೆದುಕೊಂಡು ಹೋಗಿ, ‘ಇದನ್ನ ಹುಡುಕಿದ್ದು ನಾವಲ್ಲ. ಮನೆ ಇಲ್ಲದ ಈ ಹೆಣ್ಣುಮಗಳು. ಒಂದು ಗಾಡಿ ಮಣ್ಣು ಎಳೆದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ’ ಅಂದಳು. ಚಪ್ಪಾಳೆ ನಿಲ್ಲಲೇ ಇಲ್ಲ. ಸಬೋಹತ್ ನೆಲ ನೋಡುತ್ತಾ ನಿಂತಿದ್ದಳು. ನಿಮ್ಮಮ್ಮ ಪಕ್ಕದ ಅಪರಿಚಿತ ಹೆಂಗಸಿಗೆ, ‘ನಮ್ಮ ಸೊಸೆ. ನಾನೇ ಆರಿಸಿ ತಂದಿದ್ದು’ ಎನ್ನುತ್ತಿದ್ದಳು. ನಲವತ್ತು ವರ್ಷ ನಾನು ಈ ಊರಿಗೆ ಟ್ರ್ಯಾಕ್ಟರ್ ನಜ್ರುಲ್ಲೋ. ಈಗ ಚಹಾದಂಗಡಿಗೆ ಹೋದರೆ, ‘ಬನ್ನಿ, ಸಬೋಹತ್ ಮಾವ, ಕೂತ್ಕೊಳ್ಳಿ’ ಎನ್ನುತ್ತಾರೆ. ಕೂತುಕೊಳ್ಳುತ್ತೇನೆ, ಮಗನೇ. ಬೆನ್ನು ನೆಟ್ಟಗೆ ಮಾಡಿಕೊಂಡು ಕೂತುಕೊಳ್ಳುತ್ತೇನೆ.

ನಿನಗೆ ದೇವರು ಗಟ್ಟಿ ತೋಳು, ಜಾರದ ಹೆಜ್ಜೆ ಕೊಡಲಿ. ಜೊತೆಯ ಹುಡುಗರಿಗೆಲ್ಲ ನನ್ನ ಸಲಾಂ ಹೇಳು. ಅಮ್ಮ ನಿನ್ನ ಹಣೆಗೆ ಮುತ್ತಿಡುತ್ತಾಳೆ, ಪರ್ವೋನಾ ಹಲ್ಲಿಲ್ಲದ ಬಾಯಿಯಿಂದ ಎರಡು ಇಡುತ್ತಾಳೆ.

ನಿನ್ನ ಅಪ್ಪ,
ನಜ್ರುಲ್ಲೋ

ಮರೆತ ಮಾತು: ಕುರ್ಬೋನ್ ಹೊರಗೆ ಹಾರ್ನ್ ಮಾಡುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಾನೂಲಿ ಫೋನ್ ಮಾಡಿದ್ದಳು. ಅವಳ ದೇಶದ ಬೆಟ್ಟದೂರೊಂದರಲ್ಲಿ ಗುಡ್ಡ ಕುಸಿದು ಮನೆಗಳು ಹೋಗಿವೆ, ಪಕ್ಕದಲ್ಲೇ ಹಳೇ ಊರೊಂದನ್ನು ಅಗೆಯುತ್ತಿದ್ದಾರಂತೆ. ಎರಡೂ ಕೆಲಸ ಬಲ್ಲ ಸಬೋಹತ್ ಬೇಕಂತೆ. ನವ್ರೂಜ್ ಹಬ್ಬ ಮುಗಿದ ಮೇಲಿಂದ ಚೆರ್ರಿ ಹಣ್ಣಾಗುವವರೆಗೆ. ಸಂಬಳ ಇಲ್ಲ, ಟಿಕೆಟ್ಟು, ಊಟ ಅವರದು. ಪರ್ವೋನಾಳನ್ನು ನಾವು ನೋಡಿಕೊಳ್ಳುತ್ತೇವೆ, ನಿಮ್ಮಮ್ಮನೇ ಒಪ್ಪಿದ್ದಾಳೆ. ಇವಳಿಗೆ ಹೋಗುವ ಆಸೆ ಎಷ್ಟಿದೆಯೆಂದು ಮುಖದಲ್ಲಿ ಕಾಣುತ್ತದೆ. ‘ಅವರನ್ನ ಕೇಳದೆ ಹೋಗಲ್ಲ ಮಾವ’ ಅಂತಾಳೆ, ಕೇಳಲು ಮಾತ್ರ ಹೆದರುತ್ತಾಳೆ. ಅದಕ್ಕೆ ನಿನ್ನೆ ನಾನೇ ಹೇಳಿಬಿಟ್ಟೆ: ‘ಶೋದಮೋನ್‌ನ ಕೇಳಾಯ್ತು, ಸಂತೋಷವಾಗಿ ಹೂಂ ಅಂದ, ಹೆಂಡತಿ ಬಗ್ಗೆ ಹೆಮ್ಮೆ ಪಟ್ಟ.’ ಅವಳು ಬಾವಿಕಟ್ಟೆಯ ಹತ್ತಿರ ಹೋಗಿ ಒಬ್ಬಳೇ ನಗುತ್ತಿದ್ದಳು. ಶುಕ್ರವಾರ ನಿನಗೆ ಫೋನ್ ಮಾಡಿ ಋಣ ತೀರಿಸುವ ಹಾಗೆ ಧನ್ಯವಾದ ಹೇಳುತ್ತಾಳೆ. ಕುರ್ಬೋನ್ ಅದಕ್ಕೆ ಮೊದಲೇ ಈ ಕಾಗದ ನಿನ್ನ ಕೈಗೆ ಕೊಡುತ್ತಾನೆ. ‘ಏನಕ್ಕೆ ಹೂಂ ಅಂದೆ?’ ಎಂದು ಮಾತ್ರ ಕೇಳಬೇಡ ಮಗನೇ. ‘ಹೋಗಿ ಬಾ, ಚೆನ್ನಾಗಿ ಕಟ್ಟು’ ಎನ್ನು. ನಿನ್ನ ಪರವಾಗಿ ನಾನು ಹೇಳಿದ್ದು ಸುಳ್ಳಲ್ಲ ಎಂದೇ ನಂಬಿದ್ದೇನೆ.